ಅತ್ತೆಯ ಹಳದಿ ಗಿಣ್ಣ

ನಮ್ಮ ಅತ್ತೆಯ ಬಲಗೈ ತೋರುಬೆರಳು ತುದಿಯಲ್ಲಿ ಒಂದಿಷ್ಟು ಒಳಕ್ಕೆ ಬಾಗಿತ್ತು. ಉಗುರು ಯಾವಾಗಲೂ ಅರಿಶಿನದ ಬಣ್ಣ. ಪಾತ್ರೆಯ ತಳ, ಕುಕ್ಕರಿನ ಮುಚ್ಚಳದ ಸಂದಿ, ಹಾಲಿನ ಪಾಕೀಟಿನ ಮೂಲೆ, ತುಪ್ಪದ ಡಬ್ಬಿಯ ಕಂಠ, ಎಲ್ಲಿ ಏನು ಅಂಟಿಕೊಂಡಿದ್ದರೂ ಆ ಬೆರಳು ಹೋಗಿ ಬಳಿದುಕೊಂಡು ಬರುತ್ತಿತ್ತು. ಬಳಿದದ್ದು ಸೀದಾ ಬಾಯಿಗೆ. ಅವರು ಬಳಿದಿಟ್ಟ ಪಾತ್ರೆಯಲ್ಲಿ ತೊಳೆಯುವವರಿಗೆ ಕೆಲಸವೇ ಉಳಿದಿರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನನಗೆ ಅದು ಚೆಂದ ಕಂಡಿತ್ತು. ಬರಬರುತ್ತ ಆ ಬೆರಳು ಕಂಡರೆ ಸಾಕು, ನನ್ನ ತಲೆ ಗರಂ ಆಗುತ್ತಿತ್ತು.

ಊಟ ಮುಗಿದ ಮೇಲೆ ತಟ್ಟೆಗೆ ನೀರು ಸುರಿದು, ತಿರುವಿ, ಆ ನೀರನ್ನೂ ಕುಡಿಯುವವರು ಅವರು. ನಮ್ಮ ಕಡೆಯ ಹಳೆಯ ಲಿಂಗಾಯತ ಮನೆಗಳಲ್ಲಿ ಇದು ಹೊಸದೇನಲ್ಲ. ಉಣ್ಣುವುದೆಲ್ಲ ಪ್ರಸಾದ, ಪ್ರಸಾದವನ್ನು ಕೆಡಿಸಬಾರದು. ಅಲ್ಲಿಯವರೆಗೆ ನನ್ನ ತಕರಾರೂ ಇರಲಿಲ್ಲ. ಆದರೆ ಅತ್ತೆ ಅಲ್ಲಿಗೇ ನಿಲ್ಲುವವರಲ್ಲ. ಮನೆಗೆ ಹೊಸ ತಿನಿಸು ಯಾವುದೇ ಬರಲಿ, ಬ್ರೆಡ್ ಆಗಲಿ ಬಿಸ್ಕಿಟ್ ಆಗಲಿ, ಮೊದಲು ಅದನ್ನು ದೇವರ ಜಗಲಿಯ ಮುಂದಿಟ್ಟು ಕೈಮುಗಿದು ಆಮೇಲೆ ಅಡುಗೆಮನೆಗೆ ತರುವುದು ಅವರ ಪದ್ಧತಿ. ಒಮ್ಮೆ ಜಗಲಿಯ ಮುಂದೆ ಕೂತು ಎದ್ದದ್ದು ಪ್ರಸಾದವಾಯಿತು. ಪ್ರಸಾದ ಹಳಸುವುದಿಲ್ಲ. ಹಳಸಿದರೂ ಚೆಲ್ಲುವಂತಿಲ್ಲ. ಚೆಲ್ಲುವಂತಿಲ್ಲ ಎಂದ ಮೇಲೆ ಯಾರಾದರೂ ತಿನ್ನಬೇಕು. ಆ ಯಾರಾದರೂ ಎಂಬವರು ಯಾವಾಗಲೂ ಅವರೇ ಆಗಿರುತ್ತಿದ್ದರು.

"ಕೂಳು ಕೆಡೂದಿಲ್ಲವಾ, ಮಂದಿ ಬುದ್ಧಿ ಕೆಡತದ," ಎನ್ನುವುದು ಅವರ ಮಾತು. ದಿನಕ್ಕೊಮ್ಮೆಯಾದರೂ ಅದು ನನ್ನ ಕಿವಿಗೆ ಬೀಳಲೇಬೇಕು.

ನಾನು ದೋರನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಶಹಾಪುರದಿಂದ ಬಸ್ಸು ಹತ್ತಿ ಹೋಗಿ, ಸೂಕ್ಷ್ಮಜೀವಿಗಳು ಆಹಾರವನ್ನು ಹೇಗೆ ಕೆಡಿಸುತ್ತವೆ ಎಂದು ಗಂಟಲು ಹರಿದುಕೊಂಡು ಪಾಠ ಮಾಡಿ ಸಂಜೆ ಮನೆಗೆ ಬಂದರೆ, ಬಾಗಿಲಲ್ಲೇ ಅತ್ತೆ ಮೊನ್ನೆಯ ಬದನೆಕಾಯಿ ಪಲ್ಯವನ್ನು ಬೋಗುಣಿಯಿಂದ ಬಳಿಯುತ್ತ ಕೂತಿರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಮನೆಯನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಊರ ಮಕ್ಕಳೆಲ್ಲ ನನ್ನ ಪಾಠಕ್ಕೆ ತಲೆದೂಗುತ್ತಿದ್ದರು. ಮನೆಯ ಹಿರಿಯರು ಮಾತ್ರ "ನಿನ್ನ ಸಾಲೀ ಸುದ್ದಿ ಸಾಲ್ಯಾಗ ಇಟ್ಟು ಬಾರವಾ" ಎಂದುಬಿಡುತ್ತಿದ್ದರು.

ಗಂಡನ ಹತ್ತಿರ ದೂರು ಹೇಳಿ ಪ್ರಯೋಜನವಿರಲಿಲ್ಲ. ಅವರದು ಬೀಜ ಗೊಬ್ಬರದ ಅಂಗಡಿ. ಅಂಗಡಿಯಲ್ಲಿ ರೈತರಿಗೆ ಯಾವ ಬೀಜ ಯಾವಾಗ ಹಾಳಾಗುತ್ತದೆ ಎಂದು ತಾಸುಗಟ್ಟಲೆ ಹೇಳುವವರು ಮನೆಗೆ ಬಂದರೆ ಮೂಗ ಬಸವ. "ಅತ್ತಿ ಸೊಸಿ ನಡುವ ನಾ ಬರೂದಿಲ್ಲಪ್ಪ. ಅವ್ವ ಹಿಂಗ ತಿಂದ ಇಷ್ಟು ವಯಸ್ಸಿಗೆ ಬಂದಾಳ," ಎಂದು ಟಿವಿ ಹಾಕಿಕೊಳ್ಳುತ್ತಿದ್ದರು.

ಇಂಥ ಮನೆಗೆ ಚೀಸ್ ಡಿಪ್ ತಂದ ಪುಣ್ಯಾತ್ಗಿತ್ತಿ ನಾನೇ. ಮಗಳು ಖಡಕ್ ರೊಟ್ಟಿ ಮುಟ್ಟುತ್ತಿರಲಿಲ್ಲ. ಅಜ್ಜಿ ಬಡಿದು, ಸುಟ್ಟು, ಬಟ್ಟೆಯಲ್ಲಿ ಸುತ್ತಿಟ್ಟ ಜೋಳದ ರೊಟ್ಟಿಯನ್ನು ಕಂಡರೆ ಮುಖ ಕಿವುಚುತ್ತಿದ್ದಳು. ಯಾದಗಿರಿಯ ಅಂಗಡಿಯೊಂದರಲ್ಲಿ ಗಾಜಿನ ಬಾಟಲಿಯ ಈ ಹಳದಿ ಪದಾರ್ಥ ಕಂಡಾಗ ನನಗೊಂದು ಉಪಾಯ ಹೊಳೆಯಿತು. ಪೇಟೆಯ ಮಕ್ಕಳು ಮೆಕ್ಕೆಜೋಳದ ಚಿಪ್ಸನ್ನು ಇದರಲ್ಲಿ ಅದ್ದಿ ತಿನ್ನುತ್ತಾರೆ, ನಮ್ಮ ಖಡಕ್ ರೊಟ್ಟಿಯನ್ನೇ ಮುರಿದು ಅದ್ದಿದರೆ ಏನಾಯಿತು? ಮಗಳು ಒಂದೇ ಕೂತಲ್ಲಿ ರೊಟ್ಟಿ ಮುಗಿಸಿ ಇನ್ನೊಂದು ಕೇಳಿದಳು. ಅತ್ತೆಯ ಕಣ್ಣು ಅಗಲವಾದವು. ಬಾಟಲಿಯ ಕಂಠಕ್ಕೆ ಬೆರಳು ಹಾಕಿ ಬಳಿದು ನೆಕ್ಕಿ, "ಇದೇನವಾ, ಗಿಣ್ಣಕ್ಕ ಉಪ್ಪು ಹಾಕ್ಯಾರೇನು?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹಳದಿ ಗಿಣ್ಣ. ಕೂಸಿನ ಹೊಟ್ಟೆಗೆ ರೊಟ್ಟಿ ಸೇರಿಸಿದ ಈ ಗಿಣ್ಣ ಅತ್ತೆಗೆ ಮಹಾ ಪವಿತ್ರವಾಗಿಬಿಟ್ಟಿತು. ಬಾಟಲಿ ಬಂದ ಕೂಡಲೇ ಜಗಲಿಗೆ ಹೋಗುವುದು, ಕುಂಕುಮದ ಬೊಟ್ಟು ಇಡಿಸಿಕೊಂಡು ಬರುವುದು.

ತೊಂದರೆ ಶುರುವಾದದ್ದು ಮುಚ್ಚಳ ತೆಗೆದ ಮೇಲೆ. ಮುಚ್ಚಿದ ಬಾಟಲಿ ಹೊರಗಿದ್ದರೂ ನಡೆಯುತ್ತದೆ. ತೆಗೆದ ಮೇಲೆ ಫ್ರಿಜ್ಜಿನಲ್ಲೇ ಇಡಬೇಕು, ಕೆಲವೇ ದಿನಗಳಲ್ಲಿ ಮುಗಿಸಬೇಕು. ಬಾಟಲಿಯ ಮೇಲೆಯೇ ಬರೆದಿತ್ತು, ನಾನೂ ಓದಿ ಹೇಳಿದೆ. ಒಣಗಿದ, ತೊಳೆದ ಚಮಚದಿಂದ ಬೇಕಾದಷ್ಟನ್ನು ಬಟ್ಟಲಿಗೆ ತೆಗೆದುಕೊಳ್ಳಬೇಕು. ಬಟ್ಟಲಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಹಾಕಬಾರದು. ಮುಚ್ಚಳ ಬಿಗಿ ಮಾಡಿ ಕೂಡಲೇ ಒಳಗಿಡಬೇಕು. ಇಷ್ಟೇ. ಇದರಲ್ಲಿ ಒಂದನ್ನಾದರೂ ಅತ್ತೆ ಪಾಲಿಸಿದ್ದರೆ ನಾನು ಕೊಡೇಕಲ್ಲಿನ ಗುಡಿಗೆ ನಡೆದುಕೊಂಡು ಹೋಗಿ ಕಾಯಿ ಒಡೆಸಿ ಬರುತ್ತಿದ್ದೆ.

ಮಗಳು ಕಚ್ಚಿದ ರೊಟ್ಟಿಯನ್ನು ಅದ್ದಿ ಅದ್ದಿ ಬಿಟ್ಟ ಬಟ್ಟಲು. ಅತ್ತೆ ಅದನ್ನು ಬೆರಳಿಂದ ಬಳಿದು ನಾಜೂಕಾಗಿ ಬಾಟಲಿಗೆ ವಾಪಸು ತುಂಬುವರು. "ಅತ್ತಿ, ಕೂಸಿನ ಎಂಜಲಾ ಅದರಾಗ ಹಾಕಬ್ಯಾಡ್ರಿ, ಜಲ್ದಿ ಕೆಡ್ತದ," ಎಂದರೆ, "ಕೂಸಿಂದು ಎಂಜಲಾ ಏನವಾ? ದೇವರು ಅದು," ಎನ್ನುವರು. ಫ್ರಿಜ್ಜಿನದು ಇನ್ನೊಂದು ಕಥೆ. ಚಳಿಗಾಲ ಬಂದರೆ ಅದರ ಬಟನ್ನು ಆರಿಸಿಬಿಡುವರು. "ಹೊರಗ ಇಷ್ಟು ಥಂಡಿ ಅದ, ಒಳಗೂ ಥಂಡಿ ಯಾಕ ಬೇಕು?" ಶಹಾಪುರದ ಚಳಿ ಎಂದರೆ ಮಧ್ಯಾಹ್ನಕ್ಕೆ ಫ್ಯಾನು ಬೇಕಾಗುವ ಚಳಿ. ನಾನು ಸಾಲೆಯಿಂದ ಬಂದು ಫ್ರಿಜ್ ತೆಗೆದರೆ ಒಳಗಿನ ದೀಪ ಹತ್ತುತ್ತಿರಲಿಲ್ಲ. ಹಾಲು ಒಡೆದಿರುತ್ತಿತ್ತು, ನನ್ನ ಸಹನೆಯೂ.

ಕೆಟ್ಟದ್ದನ್ನು ಗುರುತಿಸುವುದು ಹೇಗೆಂದು ಕಲಿಸಲು ಹೋದೆ. ಅದು ನನ್ನ ದಡ್ಡತನ. ಬಾಟಲಿಯ ಬಾಯಿಗೆ ಬೂಷ್ಟು ಬಂದರೆ ಪೂರ್ತಿ ಚೆಲ್ಲಬೇಕು ಎಂದೆ. "ಬೂಷ್ಟು ತೆಗದು ಕೆಳಗಿಂದು ತಿನ್ನಬೇಕು. ಉಪ್ಪಿನಕಾಯಿಗೆ ಹಂಗ ಮಾಡೂದಿಲ್ಲೇನು?" ಮೇಲೆ ನೀರು ಬಿಟ್ಟು ಕೆಳಗೆ ಗಟ್ಟಿಯಾಗಿ ಒಡೆದಂತಿದ್ದರೆ? "ಮಸರೂ ನೀರು ಬಿಡ್ತದ. ಚೆಲ್ಲತೀಯೇನು?" ಹುಳಿ ವಾಸನೆ ಬಂದರೆ? "ಅದು ಮೊದಲಿಂದನ ಹಂಗ ನಾರತದ." ಮುಚ್ಚಳ ಉಬ್ಬಿ, ತೆಗೆದಾಗ ಬುಸ್ ಎಂದರೆ? "ಸೋಡಾಕ್ಕ ರೊಕ್ಕ ಕೊಟ್ಟು ಬುಸ್ ಅನಿಸಿಕೊಂಡು ಕುಡೀತೀರಿ." ಇವ್ಯಾವುವೂ ಕಾಣದೆಯೂ ಒಳಗೆ ಕೆಟ್ಟಿರಬಹುದು, ಕಣ್ಣು ಮೂಗು ಎರಡನ್ನೂ ಪೂರಾ ನಂಬಬಾರದು ಎಂದು ಕೊನೆಯ ಅಸ್ತ್ರ ಬಿಟ್ಟೆ. "ಕಾಣೂದಿಲ್ಲ, ನಾರೂದಿಲ್ಲ, ಆದರ ಕೆಟ್ಟದ. ಹಂಗಾರ ನಿನಗ ಹೆಂಗ ಗೊತ್ತಾತು?" ಎಂದು ಗೆದ್ದವರಂತೆ ಕುಂಡಿ ಝಾಡಿಸಿಕೊಂಡು ಎದ್ದರು. ಜಿಲ್ಲಾ ಮಟ್ಟದ ವಿಜ್ಞಾನ ಮೇಳದಲ್ಲಿ ತೀರ್ಪುಗಾರಳಾಗಿ ಕೂತವಳು ನಾನು. ನನ್ನ ಅಡುಗೆಮನೆಯಲ್ಲೇ ಸೋತು, ಬಾಟಲಿಯ ಮುಚ್ಚಳ ಬಿಗಿ ಮಾಡಿ ಒಳಗಿಟ್ಟೆ.

ಒಂದು ಸಲ ತರಬೇತಿಗೆಂದು ಕಲಬುರಗಿಗೆ ಹೋಗಿ ಕೆಲವು ದಿನ ಬಿಟ್ಟು ಬಂದೆ. ಫ್ರಿಜ್ಜಿನಲ್ಲಿ ಬಾಟಲಿ ಇರಲಿಲ್ಲ. ಹುಡುಕಿದರೆ, ಗೋಡೆಯ ಮಾಡದಲ್ಲಿ ಮಾವಿನ ಉಪ್ಪಿನಕಾಯಿ, ನಿಂಬೆ ಉಪ್ಪಿನಕಾಯಿಯ ಸಾಲಿನಲ್ಲಿ ಒಂದು ಸಣ್ಣ ಭರಣಿ ಹೆಚ್ಚಾಗಿತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಬಿಚ್ಚಿ ನೋಡಿದೆ. ಹಳದಿ ಗಿಣ್ಣವನ್ನು ಭರಣಿಗೆ ಸುರಿದು, ಬೆಳ್ಳುಳ್ಳಿ ಒಗ್ಗರಣೆಯ ಶೇಂಗಾ ಎಣ್ಣೆಯನ್ನು ಮೇಲೆ ಒಂದು ಬೆರಳು ನಿಲ್ಲುವಂತೆ ಹಾಕಿಟ್ಟಿದ್ದರು.

"ಎಣ್ಣಿ ಮ್ಯಾಲ ನಿಂತರ ವರ್ಷ ಆದ್ರೂ ಏನೂ ಆಗೂದಿಲ್ಲ. ನಿನ್ನ ಫ್ರಿಜ್ಜಿನ ಹಂಗು ಬ್ಯಾಡ," ಎಂದರು, ಮೆಚ್ಚುಗೆ ಕಾಯುವವರಂತೆ.

ನಾನು ಅವರ ಮುಂದೆ ಕೂತು, ಹಲ್ಲು ಕಚ್ಚಿ, ನಿಧಾನವಾಗಿ ಹೇಳಿದೆ. ಉಪ್ಪಿನಕಾಯಿಗೆ ಹುಳಿ ಇದೆ, ಮುಷ್ಟಿಗಟ್ಟಲೆ ಉಪ್ಪಿದೆ, ಹೋಳು ಬಿಸಿಲು ಕಂಡಿರುತ್ತದೆ. ಇದು ಹಾಲು, ನೀರು. ಎಣ್ಣೆ ಗಾಳಿಯನ್ನು ತಡೆಯುತ್ತದೆ ನಿಜ, ಆದರೆ ಗಾಳಿ ಇಲ್ಲದ ಕಡೆಯೇ ಬೆಳೆಯುವ ಕೆಟ್ಟ ಕ್ರಿಮಿಗಳಿವೆ, ಅವು ಜೀವ ತೆಗೆಯುವಂಥವು. ಕೂಸು ಮನೆಯಲ್ಲಿದ್ದಿದ್ದರೆ ಅದಕ್ಕೂ ಕೊಡುತ್ತಿದ್ದಿರಿ ಎಂದೆ. ಪುಣ್ಯಕ್ಕೆ, ತರಬೇತಿಗೆ ಹೋಗುವಾಗ ಮಗಳನ್ನು ತವರಿನಲ್ಲಿ ನನ್ನ ಅವ್ವನ ಹತ್ತಿರ ಬಿಟ್ಟಿದ್ದೆ. "ಈಗಿಂದೀಗ ಚೆಲ್ರಿ," ಎಂದೆ. "ಆತು ಬಿಡು, ಚೆಲ್ಲತೀನಿ," ಎಂದು ಭರಣಿ ಎತ್ತಿಕೊಂಡು ಹಿತ್ತಲಿಗೆ ಹೋದರು. ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೆ ಅನುಮಾನ ಬರಬೇಕಿತ್ತು.

ಮರುದಿನ ಅತ್ತೆಗೆ ವಾಂತಿ, ಭೇದಿ. ಮುಖ ಬಿಳಿಚಿ, ಕೈಕಾಲು ತಣ್ಣಗಾಗಿ, ಗೋಡೆ ಹಿಡಿದು ನಡೆಯುವ ಹಾಗಾಯಿತು. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಏನು ತಿಂದಿರಿ ಎಂದು ಡಾಕ್ಟರು ಕೇಳಿದರೆ, "ರೊಟ್ಟಿ, ಹಿಂಡಿಪಲ್ಯ," ಎಂದರು. ನಾನು ಮನೆಗೆ ಬಂದು ನೋಡಿದೆ. ಭರಣಿ ಹಿತ್ತಲಿನ ಕಟ್ಟೆಯ ಮೇಲೆ ಬೋರಲಾಗಿತ್ತು, ಲಕಲಕ ಹೊಳೆಯುತ್ತಿತ್ತು. ನೆಲದಲ್ಲೆಲ್ಲೂ ಎಣ್ಣೆಯ ಕಲೆ ಇರಲಿಲ್ಲ. ಅಳಬೇಕೋ ಭರಣಿ ಎತ್ತಿ ಕುಕ್ಕಬೇಕೋ ತಿಳಿಯಲಿಲ್ಲ. ಮತ್ತೆ ದವಾಖಾನೆಗೆ ಓಡಿ ಡಾಕ್ಟರಿಗೆ ನಿಜ ಹೇಳಿದೆ.

ಡಾಕ್ಟರು ನನ್ನನ್ನು ಹೊರಗೆ ಕರೆದು, "ಮೇಡಂ, ಸಕ್ಕರಿ ಕಾಯಿಲೆಯಿಂದ ಇವರ ಕಿಡ್ನಿ ಮೊದಲೇ ನಾಜೂಕ್ ಆಗ್ಯಾವ. ಈ ಸರ್ತಿ ಬಚಾವ್ ಆಗ್ಯಾರ. ಇನ್ನೊಮ್ಮೆ ಹಿಂಗ ಆತಂದ್ರ ನನ್ನ ಕೈಯಾಗ ಏನೂ ಇರೂದಿಲ್ಲ," ಎಂದರು.

ಆ ಮಾತನ್ನು ಅತ್ತೆಗೂ ಬಿಡಿಸಿ ಹೇಳಿದೆ. ಆಮೇಲೆ ನನಗೆ ಮನೆಯೇ ಪೊಲೀಸ್ ಠಾಣೆಯಾಯಿತು. ಚೀಸ್ ಡಿಪ್ ತರುವುದನ್ನು ನಿಲ್ಲಿಸಿದೆ. ಮಗಳು ರೊಟ್ಟಿ ಬಿಟ್ಟಳು. ಮಗಳು ರೊಟ್ಟಿ ಬಿಟ್ಟದ್ದಕ್ಕೆ ಅತ್ತೆ ತಾವೂ ಅರೆಹೊಟ್ಟೆ ಉಂಡು ಏಳತೊಡಗಿದರು. "ಅವ್ವಗ ಹಂಗ ಮಾಡಬ್ಯಾಡ, ತಂದುಬಿಡು," ಎಂದು ಅಷ್ಟು ದಿನ ಬಾಯಿ ಬಿಡದ ಗಂಡ ಆಗ ಬಾಯಿ ಬಿಟ್ಟರು. ಸೋತು, ಎಲ್ಲಕ್ಕಿಂತ ಸಣ್ಣ ಬಾಟಲಿ ಹುಡುಕಿ ತಂದೆ. ಬೇಗ ಮುಗಿಯುತ್ತದೆ, ಉಳಿಯುವ ಪ್ರಶ್ನೆಯೇ ಇಲ್ಲ ಎಂಬುದು ನನ್ನ ಲೆಕ್ಕಾಚಾರ. ಅತ್ತೆ ಸಣ್ಣ ಬಾಟಲಿಯಲ್ಲೂ ಉಳಿಸುತ್ತಿದ್ದರು, ಕೂಸಿಗೆ ನಾಳೆಗೆ ಇರಲಿ ಎಂದು. ನಾನು ಸಾಲೆಯಲ್ಲಿ ಪಾಠ ಮಾಡುತ್ತಿದ್ದರೂ ಮನಸ್ಸು ಅಡುಗೆಮನೆಯಲ್ಲಿರುತ್ತಿತ್ತು. ಈ ಹೆಂಗಸು ಒಂದು ಚಮಚ ಹಳಸಿದ ಗಿಣ್ಣಕ್ಕೆ ಜೀವ ಕೊಟ್ಟುಬಿಡುತ್ತಾಳೆ ಎಂಬ ಸಿಟ್ಟು, ಹೆದರಿಕೆ. ಯಾವುದು ಸಿಟ್ಟು ಯಾವುದು ಹೆದರಿಕೆ ಎಂದು ಬಿಡಿಸಿ ನೋಡುವಷ್ಟು ಪುರುಸೊತ್ತೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ನಮ್ಮೂರ ಬೇಸಿಗೆ ಗೊತ್ತಲ್ಲ, ಬಂಡೆಯ ಮೇಲೆ ರೊಟ್ಟಿ ಬೇಯಿಸಬಹುದು. ಒಂದು ಹಗಲು ಒಂದು ರಾತ್ರಿ ಕರೆಂಟು ಬರಲಿಲ್ಲ. ಮರುದಿನ ಮಧ್ಯಾಹ್ನ ಫ್ರಿಜ್ ತೆಗೆದರೆ ಒಳಗೆ ಹಬೆ. ಹಳದಿ ಗಿಣ್ಣದ ಮುಚ್ಚಳ ಉಬ್ಬಿತ್ತು. ನಾನು ತಿರುವಿದ ಕೂಡಲೇ ಬುಸ್ಸೆಂದು ಅಂಚಿನಲ್ಲಿ ನೊರೆ ಬಂತು. ಅದನ್ನು ಕಟ್ಟೆಯ ಮೇಲಿಟ್ಟು, ಚೆಲ್ಲಲು ಒಂದು ಚೀಲ ತರಲೆಂದು ಪಡಸಾಲೆಗೆ ಹೋದೆ. ಅಷ್ಟರಲ್ಲೇ ಆಗಿಹೋಯಿತು. ತಿರುಗಿ ಬಂದರೆ ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಬಟ್ಟಲಿಗೆ ಅದನ್ನು ಸುರಿದುಕೊಂಡು ಖಡಕ್ ರೊಟ್ಟಿ ಮುರಿಯುತ್ತಿದ್ದರು.

"ಅತ್ತಿ! ಡಾಕ್ಟರು ಏನು ಹೇಳ್ಯಾರ ನೆನಪದ ಇಲ್ಲ?"

"ನೆನಪದವಾ. ಕೂಸಿಗೆ ಕೊಡೂದಿಲ್ಲ, ನಿಮಗ್ಯಾರಿಗೂ ಕೊಡೂದಿಲ್ಲ. ನಾ ಒಬ್ಬಾಕಿ ತಿಂತೀನಿ. ಜಗಲಿ ಮುಂದ ಇಟ್ಟದ್ದು, ಚೆಲ್ಲಾಕ ಬರೂದಿಲ್ಲ."

ವಾದ ಮಾಡಿ ಮಾಡಿ ನನ್ನ ಬಾಯಿ ಬತ್ತಿಹೋಗಿತ್ತು. ಉಪ್ಪು, ಹುಳಿ, ಕ್ರಿಮಿ, ಕಿಡ್ನಿ, ಯಾವ ಮಾತೂ ಉಳಿದಿರಲಿಲ್ಲ. ಚೀಲವನ್ನು ಅಲ್ಲೇ ಎಸೆದು ಅವರ ಎದುರಿಗೆ ಧಪ್ಪನೆ ಕೂತೆ. ಅವರ ರೊಟ್ಟಿಯಲ್ಲೇ ಒಂದು ಚೂರು ಮುರಿದು ಆ ಬಟ್ಟಲಲ್ಲಿ ಅದ್ದಿದೆ.

"ಏ, ಏನು ಮಾಡಾಕತ್ತೀ?"

"ಪ್ರಸಾದ ತಿನ್ನಾಕತ್ತೀನ್ರಿ. ಪ್ರಸಾದ ನಿಮಗೊಬ್ಬರಿಗೇ ಏನು? ನಾನೂ ಈ ಮನಿ ಸೊಸಿ."

"ಬ್ಯಾಡ, ಇಡು ಕೆಳಗ."

"ಯಾಕ್ರಿ ಇಡಬೇಕು?"

"ನಿನಗ ಹೊಟ್ಟಿ ಕೆಟ್ಟರ ಕೂಸಿಗೆ ಯಾರು ಗತಿ?"

"ಕೂಳು ಕೆಡೂದಿಲ್ಲ ಅಂತೀರಲ್ಲ. ಹೊಟ್ಟಿ ಯಾಕ ಕೆಡತದ?"

ರೊಟ್ಟಿಯ ಚೂರು ನನ್ನ ತುಟಿಯ ಹತ್ತಿರ ಬಂದಿತ್ತು. ಆ ಸಿಟ್ಟಿನಲ್ಲಿ ನಾನು ತಿಂದೇಬಿಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಅತ್ತೆ ಫಟಾರನೆ ನನ್ನ ಕೈಗೆ ಹೊಡೆದರು. ಚೂರು ಹಾರಿ ಒಲೆಯ ಕಡೆ ಬಿತ್ತು, ಬಟ್ಟಲು ಉರುಳಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಹೊಡೆದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

ಆಮೇಲೆ ನೆಲ ನೋಡುತ್ತ ಮಾತಾಡಿದರು. "ನನಗ ಗೊತ್ತಿಲ್ಲಂತ ತಿಳದೀಯೇನವಾ? ನನಗೂ ಮೂಗದ. ತವರೂರು ಬೋನಾಳದಿಂದ ಈ ಮನಿಗೆ ಬಂದಾಗ ಮಂದಿ ಭಾಳ ಇತ್ತು. ಎಲ್ಲಾರೂ ಉಂಡ ಮ್ಯಾಲ ಹಳಸಿದ್ದು, ಹುಳತದ್ದು ಏನು ಉಳೀತದ, ಅದು ಸೊಸೀದು. ನಮ್ಮತ್ತಿ ಎದುರಿಗೆ ಕುಂತು ಉಣಿಸತಿದ್ಲು. ಆಕಿಗೆ ಆಕಿ ಅತ್ತಿ ಉಣಿಸಿದ್ಲು. ವಾಂತಿ ಬಂದರ ಹಿತ್ತಲಕ್ಕ ಹೋಗಿ ಮಾಡಿ ಬಂದು ಮತ್ತ ಉಂಡೀನಿ. ನಿನಗ ಒಂದು ದಿನಾನೂ ಹಳಸಿದ್ದು ನೀಡಬಾರದು ಅಂತ ನಾ ತಿಂದು ಮುಗಸ್ತಿದ್ದೆ. ಇವತ್ತು ನೀನ ಕೈ ಹಾಕಿದೆಲ್ಲ."

ಇಷ್ಟು ವರ್ಷ ಆ ಹೆಂಗಸನ್ನು ಹಟಮಾರಿ ಎಂದು ಬೈದುಕೊಂಡಿದ್ದೆ. ಹಟಮಾರಿಯೇ. ಆ ಹಟ ಯಾರಿಗಾಗಿ ಎಂದು ಒಂದು ಮಾತು ಮೊದಲೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅಳುವಿನ ನಡುವೆಯೂ ಸಿಟ್ಟು ಬಂತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ನೆಲಕ್ಕೆ ಬಿದ್ದದ್ದನ್ನೆಲ್ಲ ಚಿಂದಿ ಬಟ್ಟೆಯಿಂದ ಒರೆಸಿ, ಬಾಟಲಿ ಸಮೇತ ಚೀಲಕ್ಕೆ ಹಾಕಿ, ನಾಯಿ ಬೆಕ್ಕು ಮುಟ್ಟದಂತೆ ಗಂಟು ಹಾಕಿದರು. ಜಗಲಿಯ ಮುಂದೆ ಹೋಗಿ ನಿಂತು ಏನೋ ಗೊಣಗಿದರು. ದೇವರಿಗೆ ಏನು ಸಮಜಾಯಿಷಿ ಕೊಟ್ಟರೋ ನನಗೆ ಗೊತ್ತಿಲ್ಲ. ಚೀಲವನ್ನು ತಾವೇ ಒಯ್ದು ಕಸದ ಗಾಡಿಗೆ ಹಾಕಿ ಬಂದರು.

ಸುಧಾರಿಸಿದರು ಎಂದುಕೊಂಡರೆ ಅದು ಇನ್ನೊಂದು ಪೀಕಲಾಟ. ಅಂದಿನಿಂದ ಯಾವ ಡಬ್ಬಿ ಕಂಡರೂ "ಇದು ಎಂದು ತೆಗದದ್ದು? ಯಾರು ತೆಗದ್ರು? ಚಮಚ ಒಣಗಿತ್ತೇನು?" ಎಂದು ನನ್ನನ್ನೇ ಕಟಕಟೆಗೆ ನಿಲ್ಲಿಸತೊಡಗಿದರು. ಬೆಳಿಗ್ಗೆ ತೆಗೆದ ಬಾಟಲಿಯನ್ನು ಸಂಜೆ ಚೆಲ್ಲಿದ್ದೂ ಇದೆ. "ಅತ್ತಿ, ಇದು ಛಲೋ ಅದರಿ," ಎಂದರೆ, "ಕಣ್ಣು ಮೂಗು ನಂಬಬಾರದಂತ, ನಮ್ಮನಿ ಟೀಚರ್ ಹೇಳ್ಯಾಳ," ಎನ್ನುವರು. ಹಣೆ ಚಚ್ಚಿಕೊಳ್ಳುವುದೊಂದೇ ನನಗೆ ಉಳಿದದ್ದು. ಆದರೂ ಆ ದಿನಗಳಲ್ಲಿ ಅವರು ಬಿಸಿ ರೊಟ್ಟಿ, ಆಗಷ್ಟೇ ಮಾಡಿದ ಪಲ್ಯ ಉಂಡರು. ನಮ್ಮ ಜೊತೆಗೇ ಕೂತು ಉಂಡರು. ಕೊನೆಗೆ ಕಿಡ್ನಿಯೇ ಅವರನ್ನು ಒಯ್ದದ್ದು, ನಿಧಾನವಾಗಿ, ತನ್ನ ಪಾಡಿಗೆ ತಾನು. ಹಳಸಿದ ತುತ್ತಿನಿಂದಲ್ಲ. ಅಷ್ಟು ಸಮಾಧಾನ ನನಗಿದೆ.

ಮಣ್ಣು ಕೊಟ್ಟು ಬಂದ ಮೇಲೆ ಮನೆ ತುಂಬ ನೆಂಟರು. ಸುರಪುರದಿಂದ, ಹಳ್ಳಿಗಳಿಂದ ಬಂದವರು ಸಾವಿನ ಮನೆಗೆಂದು ಅಡುಗೆ ಮಾಡಿ ಬುತ್ತಿ ತಂದಿದ್ದರು. ಎಲ್ಲರೂ ಉಂಡು ಉಳಿದ ಮೊಸರನ್ನದ ಡಬರಿ ಸೆಕೆಗೆ ಹುಳಿತು ಅಡುಗೆಮನೆಯೆಲ್ಲ ನಾರುತ್ತಿತ್ತು. ನಾನು ಬೆಳಗಿನಿಂದ ಉಂಡಿರಲಿಲ್ಲ. ಗಂಡನ ಸೋದರತ್ತೆ, ಹಿರಿಯ ಹೆಣ್ಣುಮಗಳು, ಆ ಡಬರಿಯಿಂದ ತಟ್ಟೆಗೆ ಬಡಿಸಿ ನನ್ನ ಮುಂದೆ ಸರಿಸಿದಳು. "ಬುತ್ತಿ ಚೆಲ್ಲಬಾರದವಾ. ಮನಿ ಸೊಸಿ ನೀ, ಉಂಡುಬಿಡು," ಎಂದಳು. ಸುತ್ತ ಕೂತ ಹೆಂಗಸರೆಲ್ಲ ತಲೆಯಾಡಿಸಿದರು. ಬಾಗಿಲಲ್ಲಿ ನನ್ನ ಮಗಳು ನಿಂತು ನೋಡುತ್ತಿದ್ದಳು.

ನಾನು ಎದ್ದೆ. ತಟ್ಟೆಯಲ್ಲಿದ್ದದ್ದನ್ನು ಡಬರಿಗೆ ಸುರಿದು, ಡಬರಿಯನ್ನು ಎತ್ತಿಕೊಂಡು ಹೊರಗೆ ಹೊರಟೆ.

"ಏ, ಚೆಲ್ಲಾಕ ಹೊಂಟೀಯೇನು? ಈ ಮನ್ಯಾಗ ಯಾರು ಹಂಗ ಹೇಳಿಕೊಟ್ಟಾರ ನಿನಗ?" ಎಂದು ಸೋದರತ್ತೆ ಕೂಗಿದಳು.

"ನಮ್ಮತ್ತಿ," ಎಂದೆ.